ಗಿಡದ ಒಳಗನ್ನು ಓದುವುದು ಹೇಗೆ: ಅಂಗಾಂಶ ಮತ್ತು ಸಾಗಾಟದ ಸಮಗ್ರ ಮಾರ್ಗದರ್ಶಿ

ಶಾಲೆಯಲ್ಲಿ ಈ ಪಾಠವನ್ನು ನಾನು ಎರಡು ಕಾಲಮ್ಮಿನ ಪಟ್ಟಿಯಾಗಿ ಬಾಯಿಪಾಠ ಮಾಡಿದ್ದೆ. ಎಡಗಡೆ ಅಂಗಾಂಶದ ಹೆಸರು, ಬಲಗಡೆ ಅದರ ಕೆಲಸ. ಕ್ಸೈಲಮ್ ಅಂದರೆ ನೀರು, ಫ್ಲೋಯಮ್ ಅಂದರೆ ಆಹಾರ. ಪರೀಕ್ಷೆ ಮುಗಿದು ಒಂದು ವಾರಕ್ಕೆ ಯಾವುದು ಯಾವುದು ಅಂತ ಮರೆತೇ ಹೋಗಿತ್ತು. ಕ್ಸೈಲಮ್ ನಾಳದ ಕೋಶಗಳು ಸತ್ತಿರುತ್ತವೆ ಎಂದು ಪುಸ್ತಕದಲ್ಲಿತ್ತು. ಸತ್ತ ಕೋಶ ಕೆಲಸ ಮಾಡುವುದು ಹೇಗೆ ಅಂತ ಕೇಳಬೇಕು ಎನ್ನುವುದೂ ನನಗೆ ಹೊಳೆಯಲಿಲ್ಲ.

ತುಂಬಾ ವರ್ಷಗಳ ನಂತರ ಒಂದು ಗಿಡದ ದಂಟನ್ನು ಬಣ್ಣದ ನೀರಿನಲ್ಲಿಟ್ಟು, ಕತ್ತರಿಸಿ ನೋಡಿದಾಗ ಪಾಠ ಅರ್ಥವಾಯಿತು. ಇಲ್ಲಿ ಹೇಳುವ ದಾರಿಯೂ ಅದೇ. ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಯೋಚಿಸಿ, ಹೆಸರು ಕೊನೆಗೆ ಬರಲಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಹೊಸ ಬ್ಲೇಡು, ಒಂದು ಭೂತಗನ್ನಡಿ, ಕೆಂಪು ಇಂಕು ಅಥವಾ ತಿನ್ನುವ ಬಣ್ಣ, ಬಣ್ಣವಿಲ್ಲದ ನೈಲ್ ಪಾಲಿಶ್, ಪಾರದರ್ಶಕ ಟೇಪು, ವ್ಯಾಸಲೀನ್. ಸೂಕ್ಷ್ಮದರ್ಶಕ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಅರ್ಧದಷ್ಟು ಕೆಲಸ ಭೂತಗನ್ನಡಿಯಲ್ಲೇ ಆಗುತ್ತದೆ.

ಹೆಜ್ಜೆ 1: ಮೂರು ಪ್ರಶ್ನೆ ಬರೆದಿಟ್ಟುಕೊಳ್ಳಿ

ಯಾವ ಅಂಗಾಂಶ ನೋಡಿದರೂ ಇವನ್ನು ಕೇಳಿ. ಇಲ್ಲಿ ಆಗಬೇಕಾದ ಕೆಲಸ ಏನು? ಆ ಕೆಲಸಕ್ಕೆ ಈ ಆಕಾರ ಹೇಗೆ ಸಹಾಯ ಮಾಡುತ್ತದೆ? ಈ ಆಕಾರಕ್ಕೆ ಗಿಡ ತೆತ್ತ ಬೆಲೆ ಏನು?

ಮೊದಲ ಎರಡು ಪ್ರಶ್ನೆ ಎಲ್ಲಾ ಪುಸ್ತಕದಲ್ಲೂ ಇರುತ್ತವೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ಆದರೆ ನನ್ನ ಮಟ್ಟಿಗೆ ಅದೇ ಬೀಗದ ಕೈ. ಒಂದು ಕೆಲಸಕ್ಕೆ ಚೆನ್ನಾಗಿ ಹೊಂದಿಕೊಂಡ ಕೋಶ ಇನ್ನೊಂದು ಕೆಲಸ ಕಳೆದುಕೊಂಡಿರುತ್ತದೆ. ಆ ನಷ್ಟವನ್ನು ತುಂಬಲು ಪಕ್ಕದಲ್ಲಿ ಬೇರೊಂದು ಕೋಶ ಇರುತ್ತದೆ. ಗಿಡದಲ್ಲಿ ಇಷ್ಟೊಂದು ಬಗೆಯ ಅಂಗಾಂಶ ಯಾಕಿದೆ ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಹೆಜ್ಜೆ 2: ಬೇರುಕೂದಲು ಬೆಳೆಸಿ ನೋಡಿ

ಒಂದು ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಕಾಗದ ಹಾಸಿ, ಮೇಲೆ ಸಾಸಿವೆ ಅಥವಾ ಮೂಲಂಗಿ ಬೀಜ ಉದುರಿಸಿ ಮುಚ್ಚಿಡಿ. ಮೂರು ನಾಲ್ಕು ದಿನದಲ್ಲಿ ಎಳೆ ಬೇರಿನ ಸುತ್ತ ಬಿಳಿ ತುಪ್ಪಳ ಕಾಣುತ್ತದೆ. ಬೂಸ್ಟು ಅಂತ ಎಸೆಯಬೇಡಿ. ಅದೇ ಬೇರುಕೂದಲು. ಗಮನಿಸಿ, ಬೇರಿನ ತುದಿಯಲ್ಲಿ ಅದು ಇರುವುದಿಲ್ಲ, ತುದಿಗಿಂತ ಸ್ವಲ್ಪ ಹಿಂದೆ ಇರುತ್ತದೆ. ಮಣ್ಣನ್ನು ತೂರಿಕೊಂಡು ಹೋಗುವ ಜಾಗದಲ್ಲಿ ಕೂದಲಿದ್ದರೆ ಉಜ್ಜಿ ಹೋಗುತ್ತಿತ್ತು.

ಒಂದೊಂದು ಕೂದಲೂ ಒಂದೇ ಒಂದು ಕೋಶದ ಚಾಚು. ಗೋಡೆ ತೆಳು, ಒಳಗೆ ಬೆಳಕಿನಿಂದ ಆಹಾರ ತಯಾರಿಸುವ ಕ್ಲೋರೊಪ್ಲಾಸ್ಟ್ ಇಲ್ಲ. ಕತ್ತಲಲ್ಲಿ ಅದು ಯಾಕೆ ಬೇಕು ಅಲ್ವಾ? ಉದ್ದ ಚಾಚಿದ್ದರಿಂದ ಮಣ್ಣಿನ ಕಣಗಳ ಸಂದಿಯ ನೀರಿಗೆ ಹೆಚ್ಚು ಮೇಲ್ಮೈ ತಾಗುತ್ತದೆ. ಕೋಶರಸ ಮಣ್ಣಿನ ನೀರಿಗಿಂತ ಗಟ್ಟಿ, ಹಾಗಾಗಿ ನೀರು ಅಭಿಸರಣದಿಂದ ತಾನಾಗಿ ಒಳಗೆ ಬರುತ್ತದೆ. ಖನಿಜಗಳ ಕಥೆ ಬೇರೆ. ಅವು ಮಣ್ಣಿನಲ್ಲಿ ಕಡಿಮೆ, ಕೋಶದಲ್ಲಿ ಹೆಚ್ಚು. ಅವನ್ನು ಒಳಗೆಳೆಯಲು ಶಕ್ತಿ ಖರ್ಚು ಮಾಡಬೇಕು. ಅದಕ್ಕೇ ಈ ಕೋಶದಲ್ಲಿ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಬಹಳ, ಅದಕ್ಕೇ ಬೇರಿಗೆ ಗಾಳಿಯೂ ಬೇಕು. ನೀರು ನಿಂತ ಕುಂಡದಲ್ಲಿ ಗಿಡ ಸೊರಗುವುದರ ಒಂದು ಕಾರಣ ಇದು.

ಮೇಲ್ಮೈ ಎಷ್ಟು ಅಂತ ಒಂದು ಅಂದಾಜು ಬೇಕಿದ್ದರೆ: 1937ರಲ್ಲಿ ಹೊವರ್ಡ್ ಡಿಟ್ಮರ್ ಎಂಬ ಸಸ್ಯವಿಜ್ಞಾನಿ ನಾಲ್ಕು ತಿಂಗಳ ಒಂದೇ ಒಂದು ರೈ ಗಿಡದ ಬೇರನ್ನು ಲೆಕ್ಕ ಹಾಕಿದರು. ಬೇರುಕೂದಲುಗಳ ಸಂಖ್ಯೆ ಸುಮಾರು 1400 ಕೋಟಿ ಬಂತು.

ಬೆಲೆ? ಕೂದಲು ಬಲು ನಾಜೂಕು, ಆಯಸ್ಸೂ ಕಡಿಮೆ. ಸಸಿಯನ್ನು ಕಿತ್ತು ಬೇರೆ ಕಡೆ ನೆಟ್ಟಾಗ ನೀರು ಹಾಕಿದರೂ ಬಾಡುತ್ತದಲ್ಲ, ಕಿತ್ತಾಗ ಕೂದಲೆಲ್ಲ ಹರಿದು ಹೋಗಿರುವುದೇ ಅದಕ್ಕೆ ಕಾರಣ.

ಒಳಗೆ ಬಂದ ನೀರು ಕೋಶಗಳ ಗೋಡೆಯ ಸಂದಿಯಲ್ಲೇ ನುಸುಳಿಕೊಂಡು ಬೇರಿನ ನಡುವಿನವರೆಗೆ ಹೋಗಬಹುದು. ಆದರೆ ನಡುಭಾಗದ ಸುತ್ತ ಎಂಡೊಡರ್ಮಿಸ್ ಎಂಬ ಒಂದು ಪದರವಿದೆ. ಅದರ ಕೋಶಗಳ ಅಕ್ಕಪಕ್ಕದ ಗೋಡೆಯಲ್ಲಿ ನೀರು ದಾಟದ ಒಂದು ಪಟ್ಟಿ ಬಿಗಿದಿರುತ್ತದೆ. ಕ್ಯಾಸ್ಪೇರಿಯನ್ ಪಟ್ಟಿ ಎಂದು ಅದರ ಹೆಸರು. ಸಂದಿಯ ದಾರಿ ಅಲ್ಲಿಗೆ ಮುಗಿಯಿತು. ಮುಂದೆ ಹೋಗಬೇಕಿದ್ದರೆ ಕೋಶಪೊರೆಯನ್ನು ದಾಟಲೇಬೇಕು. ಪೊರೆ ಯಾವ ಖನಿಜವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಆರಿಸುತ್ತದೆ. ಒಂದು ಥರ ಚೆಕ್‌ಪೋಸ್ಟ್.

ಹೆಜ್ಜೆ 3: ಬಣ್ಣದ ನೀರಿನಲ್ಲಿ ಕ್ಸೈಲಮ್ ಹಿಡಿಯಿರಿ

ಇಲ್ಲಿ ಸಮಯ ಕೊಡಿ. ಇಡೀ ಮಾರ್ಗದರ್ಶಿಯಲ್ಲಿ ನನಗೆ ಇಷ್ಟವಾದ ಹೆಜ್ಜೆ ಇದೇ.

ಕರ್ಣಕುಂಡಲದಂಥ ಮೆದು ದಂಟಿನ ಗಿಡ ಸಿಕ್ಕರೆ ಬಹಳ ಒಳ್ಳೆಯದು. ಅದರ ದಂಟು ಅರೆಪಾರದರ್ಶಕ, ಬಣ್ಣ ಏರುವುದು ಹೊರಗಿನಿಂದಲೇ ಕಾಣುತ್ತದೆ. ದಂಟನ್ನು ನೀರಿನೊಳಗೆ ಮುಳುಗಿಸಿ ಹಿಡಿದು ಕತ್ತರಿಸಿ. ಗಾಳಿಯಲ್ಲಿ ಕತ್ತರಿಸಿದರೆ ನಾಳದೊಳಗೆ ಗಾಳಿಗುಳ್ಳೆ ಸೇರಿಕೊಂಡು ಪ್ರಯೋಗ ಕೆಡಬಹುದು. ನನ್ನ ಮೊದಲ ಎರಡು ದಂಟು ಹೀಗೇ ಹಾಳಾದವು. ಆಮೇಲೆ ಗಾಢ ಬಣ್ಣದ ನೀರಿಗೆ ಹಾಕಿ ಬಿಸಿಲು ಗಾಳಿ ಆಡುವ ಜಾಗದಲ್ಲಿಡಿ. ಕೆಲವು ಗಂಟೆ ಬಿಟ್ಟು ಅಡ್ಡಲಾಗಿ ತೆಳುವಾಗಿ ಕೊಯ್ಯಿರಿ. ಕೈಯಲ್ಲಿ ಹಿಡಿಯಲು ಕಷ್ಟವಾದರೆ ಕ್ಯಾರೆಟ್ ತುಂಡನ್ನು ಸೀಳಿ, ನಡುವೆ ದಂಟನ್ನಿಟ್ಟು ಎರಡನ್ನೂ ಒಟ್ಟಿಗೆ ಕೊಯ್ದರಾಯಿತು. ಬೆರಳು ಜೋಪಾನ.

ಇಡೀ ದಂಟು ಕೆಂಪಾಗಿರುವುದಿಲ್ಲ. ಕೆಲವು ಚುಕ್ಕೆಗಳು ಮಾತ್ರ ಕೆಂಪಾಗಿ, ಅಂಚಿನ ಹತ್ತಿರ ಬಳೆಯಂತೆ ಸುತ್ತುವರಿದಿರುತ್ತವೆ. ಜೋಳದಂಥ ಏಕದಳ ಸಸ್ಯದಲ್ಲಾದರೆ ಚುಕ್ಕೆಗಳು ದಂಟಿನ ತುಂಬ ಚೆಲ್ಲಿಕೊಂಡಿರುತ್ತವೆ. ಆ ಕೆಂಪು ಚುಕ್ಕೆಯೇ ಕ್ಸೈಲಮ್. ಇನ್ನು ಕೆಂಪು ಇಂಕು ಮರೆತರೂ ಕ್ಸೈಲಮ್ ಮರೆಯುವುದಿಲ್ಲ.

ಈಗ ಪ್ರಶ್ನೆಗಳು. ಕೆಲಸ ಏನು? ತುಂಬಾ ನೀರನ್ನು ತುಂಬಾ ಎತ್ತರಕ್ಕೆ ಸಾಗಿಸಬೇಕು. ಕ್ಯಾಲಿಫೋರ್ನಿಯಾದ ಅತಿ ಎತ್ತರದ ರೆಡ್‌ವುಡ್ ಮರ 115 ಮೀಟರಿಗೂ ಹೆಚ್ಚಿದೆ. ಮೇಲಿನಿಂದ ಹೀರುವ ಸಾಮಾನ್ಯ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ತರಲಾರದು.

ಆಕಾರ ನೋಡಿ. ಕೋಶಗಳು ಒಂದರ ಮೇಲೊಂದು ಕೂತು, ನಡುವಿನ ಗೋಡೆ ಕರಗಿ, ಒಳಗಿನ ಜೀವದ್ರವ್ಯವೆಲ್ಲ ಖಾಲಿಯಾಗಿ ಉದ್ದನೆಯ ಕೊಳವೆಯಾಗಿವೆ. ಸತ್ತಿರುವುದೇ ಇಲ್ಲಿ ಅನುಕೂಲ. ಒಳಗೆ ಕೋಶಕೇಂದ್ರ, ರಸಧಾನಿ ಇದ್ದಿದ್ದರೆ ನೀರಿಗೆ ಅಡ್ಡ ಬರುತ್ತಿತ್ತು. ಕೊಳವೆ ಎಷ್ಟು ಅಗಲವೋ ಅಷ್ಟು ಲಾಭ, ಅದೂ ಸಣ್ಣ ಲಾಭವಲ್ಲ. ಒತ್ತಡ ಅಷ್ಟೇ ಇದ್ದು ವ್ಯಾಸ ಎರಡು ಪಟ್ಟಾದರೆ ಹರಿವು 16 ಪಟ್ಟಾಗುತ್ತದೆ.

ಗೋಡೆಯಲ್ಲಿ ಲಿಗ್ನಿನ್ ತುಂಬಿರುತ್ತದೆ, ಮರಕ್ಕೆ ಮರದ ಗಟ್ಟಿತನ ಕೊಡುವ ವಸ್ತು ಅದೇ. ಕೊಳವೆ ಗಟ್ಟಿ ಯಾಕಿರಬೇಕು ಅಂತ ತಿಳಿಯಲು ಒಂದು ತೆಳು ಸ್ಟ್ರಾ ಬಾಯಿಗಿಟ್ಟು, ಕೆಳತುದಿಯನ್ನು ಬೆರಳಿನಿಂದ ಮುಚ್ಚಿ ಜೋರಾಗಿ ಎಳೆಯಿರಿ. ಸ್ಟ್ರಾ ಒಳಕ್ಕೆ ಚಪ್ಪಟೆಯಾಗುತ್ತದೆ. ಕ್ಸೈಲಮ್ಮಿನಲ್ಲೂ ನೀರನ್ನು ಕೆಳಗಿನಿಂದ ತಳ್ಳುವುದಕ್ಕಿಂತ ಮೇಲಿನಿಂದ ಎಳೆಯುವುದೇ ಮುಖ್ಯ. ಎಲೆಯಿಂದ ನೀರು ಆವಿಯಾದಾಗ ಅದರ ಹಿಂದಿನ ನೀರನ್ನು ಎಳೆಯುತ್ತದೆ. ನೀರಿನ ಅಣುಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಇಡೀ ನೀರಿನ ದಾರ ಬೇರಿನವರೆಗೂ ಎಳೆಸಿಕೊಂಡು ಮೇಲೇರುತ್ತದೆ. 1894ರಲ್ಲಿ ಡಿಕ್ಸನ್ ಮತ್ತು ಜಾಲಿ ಎಂಬ ವಿಜ್ಞಾನಿಗಳು ಈ ವಿವರಣೆ ಕೊಟ್ಟರು. ಗಿಡ ಇದಕ್ಕೆ ತನ್ನ ಶಕ್ತಿ ಖರ್ಚು ಮಾಡುವುದಿಲ್ಲ, ಕೆಲಸವೆಲ್ಲ ಬಿಸಿಲಿನದು.

ಎಳೆಯ ಭಾಗಗಳಲ್ಲಿ ಲಿಗ್ನಿನ್ ಗೋಡೆಯ ತುಂಬ ಇರುವುದಿಲ್ಲ. ಬಳೆಗಳಾಗಿ ಅಥವಾ ಸ್ಪ್ರಿಂಗಿನಂತೆ ಸುರುಳಿಯಾಗಿ ಇರುತ್ತದೆ. ಅಲ್ಲಿ ದಂಟು ಇನ್ನೂ ಉದ್ದ ಬೆಳೆಯಬೇಕು, ಕೊಳವೆ ಹಿಗ್ಗಬೇಕು. ತಾವರೆ ದಂಟನ್ನು ಮುರಿದು ನಿಧಾನವಾಗಿ ಎಳೆದರೆ ಜೇಡರ ಬಲೆಯಂಥ ನೂಲು ಬರುತ್ತದಲ್ಲ, ಆ ನೂಲು ಕ್ಸೈಲಮ್ ನಾಳದ ಬಿಚ್ಚಿಕೊಂಡ ಸುರುಳಿಯೇ.

ಬೆಲೆಯ ಪ್ರಶ್ನೆ ಇಲ್ಲಿ ತುಂಬಾ ಚೆನ್ನಾಗಿದೆ. ಸತ್ತ ಕೊಳವೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲಾರದು. ಎಳೆತ ಜಾಸ್ತಿಯಾಗಿ ನೀರಿನ ದಾರ ಕಡಿದು ಗಾಳಿಗುಳ್ಳೆ ಬಂದರೆ ಆ ನಾಳ ನಿಂತುಹೋಗುತ್ತದೆ. ಅದಕ್ಕೊಂದು ಪರಿಹಾರವೂ ಇದೆ. ನಾಳದ ಪಕ್ಕದ ಗೋಡೆಯಲ್ಲಿ ಲಿಗ್ನಿನ್ ಇಲ್ಲದ ಸಣ್ಣ ಗುಂಡಿಗಳಿರುತ್ತವೆ. ನೀರು ಅವುಗಳ ಮೂಲಕ ಪಕ್ಕದ ನಾಳಕ್ಕೆ ದಾಟಿ, ಕೆಟ್ಟ ಜಾಗವನ್ನು ಬಳಸಿಕೊಂಡು ಹೋಗುತ್ತದೆ. ಪೈನ್ ಜಾತಿಯ ಮರಗಳಲ್ಲಿ ಅಗಲ ನಾಳಗಳೇ ಇಲ್ಲ, ಟ್ರಾಕೀಡ್ ಎಂಬ ಕಿರಿದಾದ ಕೋಶಗಳು ಮಾತ್ರ. ಹರಿವು ನಿಧಾನ, ಆದರೆ ಹಿಮ ಬೀಳುವ ಚಳಿಯಲ್ಲಿ ಗಾಳಿಗುಳ್ಳೆಯ ಕಾಟ ಕಡಿಮೆ.

ಹೆಜ್ಜೆ 4: ಎಲೆಯನ್ನು ಮೇಲಿನಿಂದ ಕೆಳಕ್ಕೆ ಇಳಿಯಿರಿ

ಎಲೆ ಯಾಕೆ ಅಗಲ, ಯಾಕೆ ತೆಳು ಅನ್ನುವುದು ಸುಲಭ. ಬೆಳಕಿಗೆ ಅಗಲ ಬೇಕು, ಇಂಗಾಲದ ಡೈಆಕ್ಸೈಡ್ ಬೇಗ ಒಳಗೆ ತಲುಪಲು ತೆಳು ಬೇಕು. ಮೇಲೆ ಮೇಣದ ಪದರ, ಅದರ ಕೆಳಗೆ ಹೊರಪದರದ ಕೋಶಗಳು. ಇವುಗಳಲ್ಲಿ ಕ್ಲೋರೊಪ್ಲಾಸ್ಟ್ ಇಲ್ಲ, ಗಾಜಿನಂತೆ ಬೆಳಕನ್ನು ಒಳಗೆ ಬಿಡುತ್ತವೆ. ನಂತರ ಕಂಬದಂಥ ಕೋಶಗಳು ಒತ್ತಾಗಿ ನಿಂತಿರುತ್ತವೆ, ಹೆಚ್ಚಿನ ಕ್ಲೋರೊಪ್ಲಾಸ್ಟ್ ಇಲ್ಲೇ. ಅದರ ಕೆಳಗಿನ ಕೋಶಗಳು ಸ್ಪಂಜಿನಂತೆ ಬಿಡಿಬಿಡಿ, ನಡುವೆ ಗಾಳಿ ಓಡಾಡಲು ಜಾಗ.

ಒಂದು ಎಲೆಯನ್ನು ಬಿಸಿನೀರಿನಲ್ಲಿ ಮುಳುಗಿಸಿ ನೋಡಿ. ಒಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಗೆ ಬರುತ್ತದೆ. ಹೆಚ್ಚಿನ ಎಲೆಗಳಲ್ಲಿ ಗುಳ್ಳೆ ಬರುವುದು ಕೆಳಬದಿಯಿಂದ. ಪತ್ರರಂಧ್ರಗಳು ಅಲ್ಲೇ ಜಾಸ್ತಿ ಇವೆ ಎನ್ನುವುದಕ್ಕೆ ಇಷ್ಟು ಸಾಕ್ಷಿ ಸಾಕು.

ಅವುಗಳನ್ನೇ ನೋಡಬೇಕಿದ್ದರೆ ಎಲೆಯ ಕೆಳಬದಿಗೆ ನೈಲ್ ಪಾಲಿಶ್ ಹಚ್ಚಿ, ಪೂರ್ತಿ ಒಣಗಿದ ಮೇಲೆ ಟೇಪು ಒತ್ತಿ ಕೀಳಿ. ಟೇಪಿನ ಮೇಲೆ ಎಲೆಯ ಅಚ್ಚು ಬಂದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಅದು ತುಟಿಗಳ ಜಾತ್ರೆಯಂತೆ ಕಾಣುತ್ತದೆ. ಒಂದೊಂದು ರಂಧ್ರಕ್ಕೂ ಎರಡು ಕಾವಲು ಕೋಶ.

ಇವು ಬಾಗಿಲು ತೆರೆಯುವ ರೀತಿ ಜಾಣತನದ್ದು. ಪೊಟ್ಯಾಸಿಯಂ ಅಯಾನುಗಳು ಕೋಶದೊಳಗೆ ಬರುತ್ತವೆ, ಹಿಂದೆಯೇ ನೀರು ಬರುತ್ತದೆ, ಕೋಶ ಉಬ್ಬುತ್ತದೆ. ಉಬ್ಬಿದ ಕೋಶ ರಂಧ್ರವನ್ನು ಮುಚ್ಚಬೇಕಿತ್ತಲ್ಲವೇ? ತೆರೆಯುವುದು ಹೇಗೆ? ಕೋಶದ ಗೋಡೆಗೆ ಸೆಲ್ಯುಲೋಸ್ ನಾರುಗಳು ಪೀಪಾಯಿಯ ಪಟ್ಟಿಯಂತೆ ಅಡ್ಡಲಾಗಿ ಸುತ್ತಿಕೊಂಡಿವೆ. ದಪ್ಪಗಾಗಲು ಬಿಡುವುದಿಲ್ಲ, ಉದ್ದವಾಗಲು ಮಾತ್ರ ಬಿಡುತ್ತವೆ. ಎರಡು ಕೋಶಗಳ ತುದಿಗಳು ಅಂಟಿಕೊಂಡಿವೆ, ರಂಧ್ರದ ಕಡೆಯ ಗೋಡೆ ದಪ್ಪ. ಹಾಗಾಗಿ ಉದ್ದವಾದ ಕೋಶ ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ, ನಡುವೆ ಕಿಂಡಿ ಬೀಳುತ್ತದೆ. ಉದ್ದನೆಯ ಬಲೂನಿನ ಒಂದು ಬದಿಗೆ ಉದ್ದಕ್ಕೂ ಟೇಪು ಅಂಟಿಸಿ ಊದಿದರೆ ಅದೂ ಹೀಗೇ ಬಾಗುತ್ತದೆ. ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ.

ತೆರೆದ ರಂಧ್ರಗಳೆಲ್ಲ ಸೇರಿದರೂ ಎಲೆಯ ಮೇಲ್ಮೈಯ ಶೇ. 1ರಿಂದ 2ರಷ್ಟು. ಎಲೆ ಕಳೆದುಕೊಳ್ಳುವ ನೀರಿನ ಬಹುಪಾಲು ಹೋಗುವುದು ಅಷ್ಟರ ಮೂಲಕವೇ. ಬೇರು ಹೀರಿದ ನೀರಿನಲ್ಲಿ ಶೇ. 95ಕ್ಕೂ ಹೆಚ್ಚು ಭಾಗ ಹೀಗೆ ಆವಿಯಾಗಿ ಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರಲು ಬಾಗಿಲು ತೆರೆದರೆ ನೀರು ಹೊರಗೆ ಹೋಗುವುದನ್ನು ತಡೆಯಲಾಗದು. ಎಲೆ ತೆರುವ ಬೆಲೆ ಅದು.

ಇದನ್ನು ಅಳೆಯಲೂಬಹುದು. ಒಂದೇ ಗಿಡದ, ಒಂದೇ ಅಳತೆಯ ನಾಲ್ಕು ಎಲೆ ಕಿತ್ತು, ನಾಲ್ಕರ ತೊಟ್ಟಿನ ತುದಿಗೂ ವ್ಯಾಸಲೀನ್ ಹಚ್ಚಿ. ಆಮೇಲೆ ಒಂದನ್ನು ಹಾಗೇ ಬಿಡಿ, ಒಂದಕ್ಕೆ ಮೇಲೆ ಮಾತ್ರ, ಒಂದಕ್ಕೆ ಕೆಳಗೆ ಮಾತ್ರ, ಇನ್ನೊಂದಕ್ಕೆ ಎರಡೂ ಬದಿ ವ್ಯಾಸಲೀನ್ ಬಳಿದು ದಾರಕ್ಕೆ ನೇತುಹಾಕಿ. ತೂಗುವುದಿದ್ದರೆ ಬಳಿದ ಮೇಲೆ ತೂಗಿ, ಮೊದಲಲ್ಲ. ಮರುದಿನ ಮತ್ತೆ ತೂಗಿ. ಮೇಲೆ ಮಾತ್ರ ಬಳಿದ ಎಲೆ ಹೆಚ್ಚುಕಡಿಮೆ ಹಾಗೇ ಬಿಟ್ಟ ಎಲೆಯಷ್ಟೇ ಬಾಡಿದ್ದರೆ, ರಂಧ್ರಗಳು ಎಲ್ಲಿವೆ ಅಂತ ಮತ್ತೆ ಹೇಳಬೇಕಿಲ್ಲ.

ಹೆಜ್ಜೆ 5: ಫ್ಲೋಯಮ್ಮನ್ನು ಪರೋಕ್ಷವಾಗಿ ಹಿಡಿಯಿರಿ

ಫ್ಲೋಯಮ್ ಬಣ್ಣದ ನೀರಿಗೆ ಸಿಗುವುದಿಲ್ಲ. ಕತ್ತರಿಸಿದ ಕೂಡಲೇ ಅದು ತನ್ನ ಬಾಯಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಸುಳಿವು ಹಿಡಿದು ಹೋಗಬೇಕು.

ಮೊದಲ ಸುಳಿವು ತೊಗಟೆಯಲ್ಲಿದೆ. 17ನೇ ಶತಮಾನದಲ್ಲಿ ಇಟಲಿಯ ಮಾರ್ಸೆಲ್ಲೊ ಮಾಲ್ಪಿಘಿ ಕೊಂಬೆಯ ಸುತ್ತ ತೊಗಟೆಯನ್ನು ಬಳೆಯಂತೆ ಕಿತ್ತು ನೋಡಿದರು. ಎಲೆಗಳು ಬಾಡಲಿಲ್ಲ, ಅಂದರೆ ನೀರು ಒಳಗಿನ ಮರದ ಭಾಗದಲ್ಲೇ ಏರುತ್ತಿದೆ. ಆದರೆ ಗಾಯದ ಮೇಲ್ಭಾಗ ಊದಿಕೊಂಡಿತು. ಎಲೆಯಿಂದ ಕೆಳಗಿಳಿಯುತ್ತಿದ್ದ ಆಹಾರ ಅಲ್ಲೇ ನಿಂತಿತ್ತು. ಗೂಟಿ ಕಟ್ಟಿ ಸಸಿ ಮಾಡುವವರು ಬಳಸುವುದೂ ಇದನ್ನೇ. ಬೇರು ಒಡೆಯುವುದು ಗಾಯದ ಮೇಲಂಚಿನಲ್ಲಿ. ನೀವೂ ಮಾಡಿ ನೋಡಬಹುದು, ಆದರೆ ಒಂದು ಸಣ್ಣ ಕೊಂಬೆಗೆ ಮಾತ್ರ. ಕಾಂಡದ ಸುತ್ತ ತೊಗಟೆ ತೆಗೆದರೆ ಬೇರಿಗೆ ಆಹಾರ ಸಿಗದೆ ಇಡೀ ಮರ ಸಾಯುತ್ತದೆ.

ಎರಡನೆಯ ಸುಳಿವು ಸಸ್ಯಹೇನು. ಅದು ಸೂಜಿಯಂಥ ಬಾಯನ್ನು ನೇರವಾಗಿ ಫ್ಲೋಯಮ್ಮಿನ ಒಂದು ನಾಳಕ್ಕೆ ಚುಚ್ಚುತ್ತದೆ. ಹೇನು ಹಾಗೇ ಕುಡಿಯುತ್ತಿರುವಾಗ ವಿಜ್ಞಾನಿಗಳು ಅದರ ದೇಹವನ್ನು ಕತ್ತರಿಸಿ ಸೂಜಿಯನ್ನಷ್ಟೇ ಉಳಿಸಿದರು. ಸೂಜಿಯ ತುದಿಯಿಂದ ಸಿಹಿ ರಸ ಗಂಟೆಗಟ್ಟಲೆ ತಾನಾಗಿ ಒಸರುತ್ತಿತ್ತು. ಕ್ಸೈಲಮ್ಮಿನಲ್ಲಿ ಎಳೆತ, ಇಲ್ಲಿ ತಳ್ಳುವ ಒತ್ತಡ. ಅದೂ ಕಾರಿನ ಟೈರಿನ ಒತ್ತಡಕ್ಕಿಂತ ಹಲವು ಪಟ್ಟು.

ಒತ್ತಡ ಎಲ್ಲಿಂದ? ಎಲೆಯಲ್ಲಿ ಗಿಡ ಸಕ್ಕರೆಯನ್ನು ನಾಳಕ್ಕೆ ತುಂಬುತ್ತದೆ. ಗಟ್ಟಿಯಾದ ರಸಕ್ಕೆ ಪಕ್ಕದ ಕ್ಸೈಲಮ್ಮಿನಿಂದ ನೀರು ನುಗ್ಗುತ್ತದೆ, ಒತ್ತಡ ಏರುತ್ತದೆ. ಬೇರು, ಗೆಡ್ಡೆ, ಕಾಯಿಗಳಲ್ಲಿ ಸಕ್ಕರೆಯನ್ನು ಇಳಿಸಿಕೊಂಡಾಗ ನೀರೂ ಹೊರಗೆ ಹೋಗಿ ಒತ್ತಡ ಇಳಿಯುತ್ತದೆ. ರಸ ಹೆಚ್ಚಿನ ಕಡೆಯಿಂದ ಕಡಿಮೆ ಕಡೆಗೆ ಹರಿಯುತ್ತದೆ, ಗಂಟೆಗೆ ಒಂದು ಮೀಟರಿನ ಆಸುಪಾಸಿನಲ್ಲಿ. ಜರ್ಮನಿಯ ಅರ್ನ್ಸ್ಟ್ ಮ್ಯೂಂಕ್ 1930ರಲ್ಲಿ ಕೊಟ್ಟ ವಿವರಣೆ ಇದು. ದಿಕ್ಕು ಯಾವಾಗಲೂ ಕೆಳಕ್ಕೇ ಅಂತ ತಿಳಿಯಬೇಡಿ. ಗೆಡ್ಡೆ ಮೊಳೆಯುವಾಗ ಅದೇ ಆಹಾರ ಕೊಡುವ ಕಡೆಯಾಗುತ್ತದೆ, ರಸ ಮೇಲಕ್ಕೆ ಹರಿಯುತ್ತದೆ.

ಈಗ ಆಕಾರ ತಾನಾಗಿ ಅರ್ಥವಾಗುತ್ತದೆ. ಸಕ್ಕರೆ ಸೋರದಂತೆ ಹಿಡಿದಿಡಲು ಜೀವಂತ ಪೊರೆ ಬೇಕು, ಹಾಗಾಗಿ ಫ್ಲೋಯಮ್ಮಿನಲ್ಲಿ ರಸ ಸಾಗಿಸುವ ಜರಡಿ ನಾಳದ ಕೋಶ ಬದುಕಿರಲೇಬೇಕು. ಆದರೆ ರಸ ಹರಿಯಲು ಜಾಗವೂ ಬೇಕು. ಅದಕ್ಕೆ ಅದು ಕೋಶಕೇಂದ್ರವನ್ನೇ ಬಿಟ್ಟುಕೊಟ್ಟಿದೆ, ಉಳಿದದ್ದನ್ನು ಗೋಡೆಗೆ ಒತ್ತರಿಸಿಕೊಂಡಿದೆ. ಕೋಶಕೇಂದ್ರವಿಲ್ಲದೆ ಸಂಸಾರ ನಡೆಸುವುದು ಹೇಗೆ? ಪಕ್ಕದಲ್ಲಿ ಸಂಗಾತಿ ಕೋಶ ಅಂಟಿಕೊಂಡಿದೆ. ಅದರಲ್ಲಿ ಕೋಶಕೇಂದ್ರವಿದೆ, ಮೈಟೊಕಾಂಡ್ರಿಯಾ ತುಂಬಿವೆ, ಸಣ್ಣ ಸಣ್ಣ ಸಂಪರ್ಕದ ದಾರಿಗಳಿವೆ. ಇಬ್ಬರ ಬದುಕನ್ನೂ ಅದೇ ನಡೆಸುತ್ತದೆ. ಅಡ್ಡಗೋಡೆಗಳಲ್ಲಿ ಜರಡಿಯಂಥ ತೂತುಗಳಿವೆ. ನಾಳಕ್ಕೆ ಪೆಟ್ಟಾದರೆ ಪ್ರೋಟೀನ್ ಮತ್ತು ಕ್ಯಾಲೋಸ್ ಎಂಬ ವಸ್ತು ಬಂದು ಆ ತೂತುಗಳನ್ನು ಮುಚ್ಚುತ್ತವೆ. ಒತ್ತಡದಲ್ಲಿರುವ ಸಿಹಿ ರಸವೆಲ್ಲ ಸೋರಿಹೋದರೆ ಗಿಡಕ್ಕೆ ನಷ್ಟ ಅಲ್ವಾ?

ಹೆಜ್ಜೆ 6: ಆಧಾರ ಕೊಡುವ ಅಂಗಾಂಶ, ಬೇಗ ಮುಗಿಸಿ

ಕೋಲೆಂಕೈಮಾ ಕೋಶಗಳು ಜೀವಂತ, ಮೂಲೆಗಳಲ್ಲಿ ಮಾತ್ರ ದಪ್ಪ. ಬಾಗುತ್ತವೆ, ಬೆಳೆಯುತ್ತವೆ, ಹಾಗಾಗಿ ಎಳೆ ದಂಟಿಗೆ, ಎಲೆತೊಟ್ಟಿಗೆ ಸರಿ. ಸ್ಕ್ಲೀರೆಂಕೈಮಾ ಸತ್ತು ಗಟ್ಟಿಯಾದದ್ದು, ಬೆಳವಣಿಗೆ ಮುಗಿದ ಕಡೆ ಮಾತ್ರ ಬರುತ್ತದೆ. ತೆಂಗಿನ ನಾರು, ಸೆಣಬು, ಪೇರಳೆ ಹಣ್ಣಿನ ಮರಳುಮರಳು ಕಣ ಎಲ್ಲವೂ ಅದೇ. ಪೇರೆಂಕೈಮಾ ಸಾದಾ ಕೋಶ, ಸಂಗ್ರಹಕ್ಕೆ.

ಇನ್ನೊಂದು ವಿಷಯ ಗಮನಿಸಿ. ಬೇರಿನಲ್ಲಿ ಸಾಗಾಟದ ನಾಳಗಳು ನಡುವೆ ಇವೆ, ದ್ವಿದಳ ಕಾಂಡದಲ್ಲಿ ಅಂಚಿನ ಹತ್ತಿರ ಬಳೆಯಾಗಿವೆ. ಬೇರನ್ನು ಗಾಳಿ ಎಳೆಯುತ್ತದೆ, ಎಳೆತಕ್ಕೆ ಹಗ್ಗದಂತೆ ನಡುವೆ ಗಟ್ಟಿ ಇರಬೇಕು. ಕಾಂಡವನ್ನು ಗಾಳಿ ಬಾಗಿಸುತ್ತದೆ, ಬಾಗುವುದಕ್ಕೆ ಪೈಪಿನಂತೆ ಹೊರಗೆ ಗಟ್ಟಿ ಇರಬೇಕು.

ಹೆಜ್ಜೆ 7: ಕಂಡದ್ದನ್ನು ಬರೆಯುವುದು

"ಬೇರುಕೂದಲಿಗೆ ಹೆಚ್ಚು ಮೇಲ್ಮೈ ಇದೆ" ಅಂತ ಬರೆದು ನಿಲ್ಲಿಸುವವರೇ ಹೆಚ್ಚು. ಅದು ಅರ್ಧ ಉತ್ತರ. ಇನ್ನರ್ಧ ಹೀಗಿರಲಿ: "ಕೋಶ ಉದ್ದವಾಗಿ ಚಾಚಿದೆ, ಇದರಿಂದ ಮಣ್ಣಿನ ನೀರಿಗೆ ತಾಗುವ ಮೇಲ್ಮೈ ಹೆಚ್ಚುತ್ತದೆ, ಹಾಗಾಗಿ ಅಷ್ಟೇ ಹೊತ್ತಿನಲ್ಲಿ ಹೆಚ್ಚು ನೀರು ಒಳಗೆ ಬರುತ್ತದೆ." ರಚನೆ, ಇದರಿಂದ, ಹಾಗಾಗಿ. ಈ ಮೂರು ಕೊಂಡಿ ಇಲ್ಲದ ವಾಕ್ಯವನ್ನು ಹೊಡೆದು ಹಾಕಿ.

"ನೀರು ಬೇಕು ಅಂತ ಗಿಡ ಕೂದಲು ಮಾಡಿಕೊಂಡಿತು" ಎಂದೂ ಬರೆಯಬೇಡಿ. ಗಿಡ ಏನನ್ನೂ ಯೋಜಿಸಲಿಲ್ಲ. ಅಂಥ ರಚನೆ ಇದ್ದ ಗಿಡಗಳು ಹೆಚ್ಚು ಉಳಿದುಕೊಂಡು, ಹೆಚ್ಚು ಬೀಜ ಬಿಟ್ಟವು, ಅಷ್ಟೇ.

ಹೆಜ್ಜೆ 8: ಗೊತ್ತಿಲ್ಲದ ಎಲೆಯ ಮೇಲೆ ಪರೀಕ್ಷೆ

ಈಗ ಪುಸ್ತಕ ಮುಚ್ಚಿ ಎರಡು ಎಲೆ ತನ್ನಿ: ತಾವರೆ ಮತ್ತು ಕಣಗಿಲೆ. ಎರಡರದೂ ನೈಲ್ ಪಾಲಿಶ್ ಅಚ್ಚು ತೆಗೆಯಿರಿ, ಎರಡೂ ಬದಿಯಿಂದ. ತಾವರೆಯ ಎಲೆಯಲ್ಲಿ ರಂಧ್ರಗಳು ಮೇಲ್ಬದಿಯಲ್ಲಿರುತ್ತವೆ. ನೀರಿನ ಕಡೆಗೆ ಬಾಗಿಲು ತೆರೆದು ಪ್ರಯೋಜನವಿಲ್ಲ. ಮೇಣದ ಪದರದಿಂದಾಗಿ ಅಚ್ಚು ಸರಿಯಾಗಿ ಏಳದಿದ್ದರೆ, ಬಿಸಿನೀರಿನ ಗುಳ್ಳೆ ಎಲ್ಲಿಂದ ಬರುತ್ತದೆ ನೋಡಿ.

ಕಣಗಿಲೆಯಲ್ಲಿ ಎರಡೂ ಬದಿಯ ಅಚ್ಚಿನಲ್ಲಿ ರಂಧ್ರ ಕಾಣುವುದಿಲ್ಲ. ತಪ್ಪು ಮಾಡಿದಿರಿ ಅಂದುಕೊಳ್ಳಬೇಡಿ. ಎಲೆಯನ್ನು ಕ್ಯಾರೆಟ್ ನಡುವೆ ಇಟ್ಟು ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿ. ಕೆಳಬದಿಯಲ್ಲಿ ಆಳವಾದ ಗುಳಿಗಳಿವೆ, ಗುಳಿಯ ಒಳಗೆ ಕೂದಲು, ರಂಧ್ರಗಳು ಆ ಕೂದಲಿನ ಮರೆಯಲ್ಲಿ. ಗುಳಿಯಲ್ಲಿ ತೇವದ ಗಾಳಿ ಸಿಕ್ಕಿಕೊಂಡು ನಿಲ್ಲುತ್ತದೆ, ಒಣಗಾಳಿ ನೇರವಾಗಿ ಬಾಗಿಲಿಗೆ ಬಡಿಯುವುದಿಲ್ಲ. ಬೆಲೆ ಏನಿರಬಹುದು ಅಂತ ನೀವೇ ಬರೆಯಿರಿ. ಸುಳಿವು: ಹೊರಗೆ ಹೋಗುವ ಆವಿಗೆ ಕಷ್ಟವಾದ ದಾರಿ, ಒಳಗೆ ಬರುವ ಇಂಗಾಲದ ಡೈಆಕ್ಸೈಡಿಗೂ ಕಷ್ಟವೇ. ಅಂದಹಾಗೆ ಕಣಗಿಲೆಯ ಹಾಲು ವಿಷ. ಕೊಯ್ದ ಮೇಲೆ ಕೈ, ಬ್ಲೇಡು ಎರಡನ್ನೂ ಸೋಪು ಹಾಕಿ ತೊಳೆಯಿರಿ, ಕ್ಯಾರೆಟ್ ತುಂಡನ್ನು ಕಸಕ್ಕೆ ಹಾಕಿ.